ಗಾಳಿಗೆ ನಿಂತ ಸೋದರತ್ತೆ

ಗಂಡಸರಿಗೆ ಐವತ್ತು ದಾಟಿದ ಮೇಲೆ ಒಂದಲ್ಲ ಒಂದು ಹುಚ್ಚು ಹತ್ತಿಕೊಳ್ಳುತ್ತದೆ. ಕೆಲವರಿಗೆ ರಾಜಕೀಯ, ಕೆಲವರಿಗೆ ನಡೆದುಕೊಂಡೇ ಮಾದಪ್ಪನ ಬೆಟ್ಟಕ್ಕೆ ಹೋಗುವುದು. ಇವೆಲ್ಲ ಸಹಿಸಬಹುದಾದ ಹುಚ್ಚುಗಳು, ಏಕೆಂದರೆ ಹೆಂಡತಿ ಮನೆಯಲ್ಲೇ ಉಳಿಯಬಹುದು. ನಮ್ಮನೆಯವರಿಗೆ ಹತ್ತಿದ್ದು ಬಾತುಗಳ ಹುಚ್ಚು. ಚಳಿಗಾಲದಲ್ಲಿ ಹಿಮಾಲಯದ ಆಚೆಯಿಂದ ನಮ್ಮ ಸೀಮೆಯ ಕೆರೆಗಳಿಗೆ ಹಕ್ಕಿಗಳು ಬಂದಿಳಿಯುತ್ತವೆ. ಅಷ್ಟು ದೂರದಿಂದ ಬಂದವರನ್ನು ಹೋಗಿ ನೋಡದಿದ್ದರೆ ಮರ್ಯಾದೆಯೇ ಎನ್ನುವುದು ಇವರ ವಾದ. ಸತ್ತೇಗಾಲದಿಂದ ನನ್ನ ಚಿಕ್ಕಪ್ಪ ಬಂದರೆ ಮಾತ್ರ ಪೇಪರನ್ನು ಮುಖಕ್ಕೆ ಅಡ್ಡ ಹಿಡಿದು ಕೂರುತ್ತಾರೆ.

ಈ ಸಲದ ಚಳಿಗಾಲದಲ್ಲಿ ಯಳಂದೂರಿನಲ್ಲಿ ನನ್ನ ತಮ್ಮನ ಮಗಳ ನಾಮಕರಣವಿತ್ತು. ಮದುವೆಯಾಗಿ ಎಷ್ಟೋ ವರ್ಷ ಕಾದು, ಆಸ್ಪತ್ರೆಗಳಿಗೆ ಅಲೆದು, ಆಸೆ ಬಿಟ್ಟ ಮೇಲೆ ಹುಟ್ಟಿದ ಕೂಸು. ಅದಕ್ಕೆ ಇರುವ ಸೋದರತ್ತೆ ನಾನೊಬ್ಬಳೇ. ಕಿವಿಯಲ್ಲಿ ಹೆಸರು ಹೇಳಬೇಕಾದವಳೂ ನಾನೇ. "ಅಕ್ಕಾ, ನೀನು ಬರದೆ ಏನೂ ನಡೆಯಲ್ಲ, ಬೇಗ ಬಂದ್ಬುಡು" ಎಂದು ತಮ್ಮ ಫೋನಿನಲ್ಲಿ ಗದ್ಗದಿತನಾಗಿದ್ದ. ಒಳ್ಳೆಯ ರೇಷ್ಮೆ ಸೀರೆ ಉಟ್ಟು, ಮೊಗ್ಗು ಮುಡಿದು, ಕೊಳ್ಳೇಗಾಲದಿಂದ ಇವರ ಸ್ಕೂಟರಿನ ಹಿಂದೆ ಕುಳಿತೆ. ಸುಮ್ಮನೆ ಬಸ್ಸನ್ನೇ ಹತ್ತಬೇಕಿತ್ತು.

ದಾರಿಯ ಕೆರೆ ಕಂಡದ್ದೇ ಸ್ಕೂಟರು ತಾನಾಗಿ ನಿಂತಿತು. "ಐದೇ ನಿಮಿಷ ಕಣೆ. ಹೆಬ್ಬಾತು ಬಂದಿವೆಯಂತೆ" ಎಂದು ಇವರು ದುರ್ಬೀನು ಕುತ್ತಿಗೆಗೆ ಹಾಕಿಕೊಂಡು ಕೆರೆಯ ಏರಿಯನ್ನು ಹತ್ತಿದರು. ಬೈಯುವುದಕ್ಕಾದರೂ ಹಿಂದೆ ಹೋಗಬೇಕಲ್ಲ, ನಾನೂ ಹತ್ತಿದೆ.

ಮೇಲೆ ಎಂಥ ಗಾಳಿ ಅಂತೀರಿ! ಸೆರಗನ್ನು ಹಿಡಿದರೆ ನೆರಿಗೆ ಹಾರುತ್ತದೆ, ನೆರಿಗೆ ಒತ್ತಿಕೊಂಡರೆ ಕೂದಲು ಬಾಯಿಗೆ ಬರುತ್ತದೆ. ಮೊಗ್ಗಿನ ದಂಡೆ ಜಾರಿ ಕಿವಿಯ ಮೇಲೆ ತೂಗಾಡತೊಡಗಿತು. ನಾನು ಬೈದದ್ದೆಲ್ಲ ಗಾಳಿಗೆ ಹೋಗಿ ಇವರನ್ನು ಮುಟ್ಟಲೇ ಇಲ್ಲ. ಹಕ್ಕಿಗಳೋ, ಆಚೆ ದಡದ ಜೊಂಡಿನ ಮರೆಯಲ್ಲಿ ರೆಕ್ಕೆಯೊಳಗೆ ತಲೆ ಹುದುಗಿಸಿ ಮಲಗಿದ್ದವು. ಆ ಗಾಳಿಯಲ್ಲಿ ಅವಕ್ಕಾದರೂ ಬುದ್ಧಿ ಇತ್ತು.

ಕೆಳಗೆ ಬಟ್ಟೆ ಒಗೆಯುತ್ತಿದ್ದ ಹೆಂಗಸೊಬ್ಬಳು ನಮ್ಮನ್ನೇ ನೋಡುತ್ತಿದ್ದವಳು ತಡೆಯಲಾರದೆ ಹತ್ತಿರ ಬಂದಳು.

"ಯಾಕಕ್ಕಾ, ನಿಮ್ಮೆಜಮಾನ್ರು ಏನಾರ ಕಳ್ಕಂಡವ್ರಾ?"

"ಇಲ್ಲಮ್ಮ, ಬಾತು ನೋಡ್ತಿದ್ದಾರೆ."

"ಬಾತಾ? ಅದ್ಕ್ಯಾಕೆ ಈ ಗಾಳೀಲಿ ನಿಂತಿದ್ದರಿ? ನಮ್ಮಟ್ಟೀಲೇ ಸಾಕಿವ್ನಿ, ಬನ್ನಿ ತೋರುಸ್ತೀನಿ. ಟೀ ಕುಡ್ಕಂಡು ಓಗೀರಂತೆ."

ನನಗೆ ಅಳು ನಗು ಎರಡೂ ಬಂತು. ಸಿಟ್ಟಿನಿಂದ ಇವರ ಕೈಯಿಂದ ದುರ್ಬೀನು ಕಿತ್ತುಕೊಂಡೆ. ಇಷ್ಟು ಒದ್ದಾಡಿಸುವ ಆ ಮಹಾ ಹಕ್ಕಿಯ ಮುಖವನ್ನಾದರೂ ನೋಡೋಣ ಎಂದು ಕಣ್ಣಿಗೆ ಹಿಡಿದೆ. ಅದೇ ಹೊತ್ತಿಗೆ ಏನೋ ಬೆದರಿ ಇಡೀ ಹಿಂಡು ಮೇಲೆದ್ದಿತು. ಗಾಳಿಗೆ ಎದುರಾಗಿ ಹಾರುತ್ತಿದ್ದವು, ಆದರೆ ಮುಂದೆ ಹೋಗಲಾರವು. ರೆಕ್ಕೆ ಬಡಿಯುತ್ತ ಬಡಿಯುತ್ತ ಆಕಾಶದಲ್ಲಿ ನಿಂತಲ್ಲೇ ನಿಂತಿದ್ದವು. ಬಿಳಿಯ ತಲೆಯ ಮೇಲೆ ಎರಡು ಕಪ್ಪು ಪಟ್ಟೆ, ಯಾರೋ ಕೂರಿಸಿಕೊಂಡು ಕಾಡಿಗೆ ತಿದ್ದಿದ ಹಾಗೆ. ನನ್ನ ಸೆರಗು ಎಲ್ಲಿ ಹೋಯಿತೋ ಗೊತ್ತಿಲ್ಲ.

"ಹೊತ್ತಾಯ್ತು ಕಣೆ, ನಡಿ" ಎಂದರು ಇವರು.

"ಸುಮ್ನಿರಿ!" ಎಂದೆ.

"ನಿನ್ನ ತಮ್ಮ ಕಾಯ್ತಿರ್ತಾನೆ."

"ಇವು ಇಳೀಲಿ, ಹೋಗೋಣ."

ಅವು ಇಳಿಯಲೇ ಇಲ್ಲ. ಯಳಂದೂರು ಮುಟ್ಟಿದಾಗ ಪುರೋಹಿತರು ಇನ್ನೊಂದು ಮನೆಗೆ ಹೊತ್ತಾಯಿತೆಂದು ಎದ್ದು ನಿಂತಿದ್ದರು. ಕೂಸು ಅತ್ತು ಅತ್ತು ನಿದ್ದೆ ಹೋಗಿತ್ತು. ಫೋನ್ ಮಾಡಿ ಮಾಡಿ ಸಾಕಾಗಿದ್ದ ತಮ್ಮ ಕಣ್ಣು ಕೆಂಪಗೆ ಮಾಡಿ ನೋಡಿದ. ಗಾಳಿಯಲ್ಲಿ ನನಗೊಂದೂ ಕೇಳಿಸಿರಲಿಲ್ಲ. ತೊಟ್ಟಿಲಿಗೆ ಬಗ್ಗಿ ಹೆಸರು ಹೇಳಿದಾಗ ನನ್ನ ಕಣ್ಣು ತುಂಬಿತು. ಎಲ್ಲ ಸರಿಹೋಯಿತು ಎಂದುಕೊಂಡೆ.

ಊಟಕ್ಕೆ ಕೂತಾಗ ತಮ್ಮನ ಹೆಂಡತಿ ಕೇಳಿಯೇಬಿಟ್ಟಳು: "ಯಾಕತ್ಗೆ ಇಷ್ಟೊತ್ತು?"

"ಸ್ಕೂಟರ್ ಪಂಚರ್ ಆಯ್ತು" ಎಂದೆ.

ಪಕ್ಕದ ಎಲೆಯಲ್ಲಿ ಸೊರ್ರೆಂದು ಪಾಯಸ ಹೀರುತ್ತಿದ್ದ ನಮ್ಮನೆಯವರು, ಜೀವನದಲ್ಲಿ ಸುಳ್ಳು ಹೇಳಲು ಬಾರದ ಮನುಷ್ಯ, ತಲೆಯೆತ್ತಿ ಎಲ್ಲರಿಗೂ ಕೇಳುವಂತೆ ಹೇಳಿದರು: "ಪಂಚರ್ ಎಲ್ಲಿ ಬಂತು? ನಾನು ಎಷ್ಟು ಕರೆದರೂ ಇವಳೇ ಬಾತು ಬಿಟ್ಟು ಬರಲಿಲ್ಲ."

ಪಂಕ್ತಿಯೆಲ್ಲ ನನ್ನ ಕಡೆ ತಿರುಗಿತು. ಇಷ್ಟು ವರ್ಷಗಳ ಸಂಸಾರದಲ್ಲಿ ಆ ಮನುಷ್ಯ ನನ್ನ ವಿಷಯದಲ್ಲಿ ಹೇಳಿದ ಮಾತುಗಳಲ್ಲಿ ನಾನು ಎದುರಾಡಲಾಗದ್ದು ಅದೊಂದೇ.