ಗಾಜಿನ ಮೇಲಿನ ಚಹಾದ ಚುಕ್ಕೆ

ಜುಲೈ ಹದಿನಾಲ್ಕು. ಬೆಳಗಿನಿಂದ ಮೋಡ, ಹನಿ ಇಲ್ಲ, ಗಾಳಿ ಮಾತ್ರ ಜೋರು.

ಸಿಂದಗಿಯಲ್ಲಿ ಕನ್ನಡಕದ ಅಂಗಡಿ ಇಟ್ಟು ಇಪ್ಪತ್ತೆರಡು ವರ್ಷವಾಯಿತು. ಕಾಣದವರಿಗೆ ಕಾಣಿಸುವುದು ನನ್ನ ಕೆಲಸ. ನನಗೆ ಕಾಣದ್ದು ಮಾತ್ರ ಹೇಗೋ ಊರಿಗೆಲ್ಲ ಕಂಡುಬಿಡುತ್ತದೆ. ಇವತ್ತು ನಿವೃತ್ತ ಮಾಸ್ತರರೊಬ್ಬರು ಹೊಸ ಕನ್ನಡಕಕ್ಕೆ ಬಂದರು. ಬೆಂಚಿಗೆ ಹಾಸಿದ, ಹಳೆ ಬಟ್ಟೆ ತುಂಡುಗಳ ಪುಟ್ಟ ಕೌದಿ ನೋಡಿ, ಹೊಲಿಗೆ ಕುಡಿದವನು ಹೊಲದಲ್ಲಿ ಗಳೆ ಹೊಡೆದ ಹಾಗಿದೆ ಎಂದು ನಕ್ಕು, ಅದರ ಮೇಲೇ ಕೂತರು. ಕಣ್ಣಿನ ಅಳತೆ ಕೊಡುವ ಮೊದಲು ಕೇಳಿದರು: "ಖರೇ ಹೇಳ್ರಿ. ನಿಮ್ಮ ಕೈಯಾಗ ಎಂದಾರ ತಪ್ಪ ಆಗೇತೇನು?"

ಇಲ್ಲ ಎಂದರೆ ಸುಳ್ಳು. ಹೌದೆಂದರೆ ಗಿರಾಕಿ ಎದ್ದು ಹೋಗುತ್ತಾರೆ. ಸಣ್ಣದರಿಂದ ಶುರು ಮಾಡಿದೆ.

ತಲೆಕೆಳಗು

ಟ್ರ್ಯಾಕ್ಟರ್ ಮಿಸ್ತ್ರಿಯೊಬ್ಬನಿಗೆ ಎರಡು ನಂಬರಿನ ಗಾಜು ಹಾಕಿಕೊಟ್ಟಿದ್ದೆ. ಮೇಲಿನ ಭಾಗ ದೂರಕ್ಕೆ, ಕೆಳಗಿನದು ಹತ್ತಿರಕ್ಕೆ. ಓದುವವರು ಕಣ್ಣು ಕೆಳಗಿಳಿಸುತ್ತಾರಲ್ಲ, ಅದಕ್ಕೆ. ಎಂಟು ದಿನದ ಮೇಲೆ ನೋಡಿದರೆ ಅವನು ಕನ್ನಡಕವನ್ನು ತಲೆಕೆಳಗಾಗಿ ಮೂಗಿಗೇರಿಸಿ, ದಾರದಿಂದ ಬಿಗಿದುಕೊಂಡು, ಟ್ರ್ಯಾಕ್ಟರಿನ ಕೆಳಗೆ ಅಂಗಾತ ಮಲಗಿದ್ದ. ಅವನ ಹತ್ತಿರದ ಕೆಲಸವೆಲ್ಲ ಮೇಲೇ ಇರುತ್ತದೆ. ಏನು ಕೆಲಸ ಎಂದು ಕೇಳಿದ್ದೆ. ಹೇಗೆ ಮಾಡುತ್ತೀ ಎಂದು ಕೇಳಿರಲಿಲ್ಲ. ನಕ್ಕವರಿಗೆಲ್ಲ ಅವನದು ಒಂದೇ ಉತ್ತರ: "ಅಂಗಡಿಯವ್ರು ಕೂತ ಮಾಡ್ಯಾರ್ರಿ, ನಾ ಮಕ್ಕೊಂಡ ಹಾಕ್ಕೋತೇನಿ."

ಉದ್ದ ಕೈ

ನಲವತ್ತಾರನೇ ವಯಸ್ಸಿಗೆ ನನಗೇ ಹತ್ತಿರದ್ದು ಮಸುಕಾಯಿತು. ಊರಿಗೆಲ್ಲ ಕನ್ನಡಕ ಹಾಕುವವನು ನಾನು ಹಾಕಿಕೊಳ್ಳಲು ನಾಚಿದೆ. ಮಾಡಿಕೊಂಡದ್ದನ್ನು ಡ್ರಾವರಿನಲ್ಲಿಟ್ಟು, ಡಾಕ್ಟರ ಚೀಟಿಯನ್ನು ಕೈ ಚಾಚಿ ದೂರ ಹಿಡಿದು ಓದುತ್ತಿದ್ದೆ. ಹೊರ್ತಿಯ ಕುರಿಗಾಹಿಯೊಬ್ಬ ಎದುರು ಕೂತು ಬಹಳ ಹೊತ್ತು ನೋಡಿದ. ಆಮೇಲೆ ತನ್ನ ಚೀಟಿಯನ್ನು ನನ್ನ ಕೈಯಿಂದ ತೆಗೆದುಕೊಂಡು, ಬಾಗಿಲ ತನಕ ಹೋಗಿ, ನನ್ನ ಕಡೆಗೆ ತಿರುಗಿಸಿ ಹಿಡಿದು ನಿಂತ.

"ಓದ್ರಿ ಸಾವಕಾರ," ಎಂದ, "ನಿಮ್ಮ ಕೈ ಇನ್ನ ಉದ್ದ ಆಗೂದಿಲ್ಲ."

ವಾಲಿದ ಗೋಡೆ

ಮಾಸ್ತರರು ನಕ್ಕರು, ಆದರೆ ಬಿಡಲಿಲ್ಲ. ಇವು ಮೋಜು, ತಪ್ಪು ಯಾವುದು ಎಂದರು. ಹೇಳಬೇಕಾಯಿತು.

ತಾಂಬಾದಿಂದ ಒಬ್ಬ ಆಯಿ ಬಂದಿದ್ದಳು. ಮೊಮ್ಮಗಳ ಕೂಸಿನ ತೊಟ್ಟಿಲಿಗೆ ಕೌದಿ ಹೊಲಿಯಬೇಕು, ಸೂಜಿ ಕಾಣುತ್ತಿರಲಿಲ್ಲ. ಕಣ್ಣಿಗೆ ಕಂಡ ಮೇಲೆಯೇ ದುಡ್ಡು ಕೊಡುವುದು ಎಂದು ಮೊದಲೇ ಮಾತಾಡಿಕೊಂಡಳು. ಆಕೆಯ ಬಲಗಣ್ಣಿಗೆ ಬೇಕಾದ ಗಾಜಿಗೆ ಒಂದು ದಿಕ್ಕಿರುತ್ತದೆ. ಗುರುತಿನ ಚುಕ್ಕೆ ನೋಡಿ ಕೂರಿಸಬೇಕು. ಆಕೆ ಆರಿಸಿದ್ದು ದುಂಡು ಫ್ರೇಮು. ಅದರಲ್ಲಿ ಗಾಜು ಹೇಗೆ ತಿರುಗಿಸಿದರೂ ಕೂರುತ್ತದೆ. ನನ್ನ ಕನ್ನಡಕ ಡ್ರಾವರಿನಲ್ಲೇ ಇತ್ತು. ನಾನು ಗುರುತೆಂದು ನಂಬಿದ್ದು ಚಹಾದ ಚುಕ್ಕೆಯನ್ನು.

ನಾಲ್ಕು ದಿನಕ್ಕೆ ಬಂದು, ನೆಲ ವಾಲಿದಂತೆ ಕಾಣುತ್ತದೆ ಎಂದಳು. ಗಾಜು ನೋಡಲೂ ಇಲ್ಲ ನಾನು. ಹೊಸದರಲ್ಲಿ ಹಾಗೇ, ರೂಢಿಯಾಗುತ್ತದೆ ಎಂದು ಕಳಿಸಿದೆ. ಪಾಪ, ರೂಢಿ ಮಾಡಿಕೊಂಡಳು. ಸಪಾಟು ಅಂಗಳದಲ್ಲಿ ಮೆಟ್ಟಿಲು ಹತ್ತುವವಳಂತೆ ಕಾಲೆತ್ತಿ ನಡೆದಳು. ಅದೇ ಕನ್ನಡಕದಲ್ಲಿ ಕೌದಿಯನ್ನೂ ಪೂರ್ತಿ ಹೊಲಿದಳು. ಕೊನೆಗೆ ಮನೆಯ ಗೋಡೆ ವಾಲಿದೆ ಎಂದು, ಅದನ್ನು ಕಟ್ಟಿದ ಗೌಂಡಿಯನ್ನು ಕರೆಸಿ ಬೈದಳು. ಅವನು ದಾರಕ್ಕೆ ಗುಂಡು ಕಟ್ಟಿ ಇಳಿಬಿಟ್ಟ. ಗೋಡೆ ನೆಟ್ಟಗಿತ್ತು.

ಮರುದಿನ ಆಯಿಯನ್ನು ಕರೆದುಕೊಂಡು ಗೌಂಡಿ ನನ್ನ ಅಂಗಡಿಗೇ ಬಂದ. ತುಂಬಿದ ಗಿರಾಕಿಗಳ ನಡುವೆ ಆ ಗುಂಡನ್ನು ನನ್ನ ಮುಂದಿಟ್ಟು ಕೇಳಿದ: "ನಾ ಇದನ್ನ ಹಿಡದ ಕಟ್ಟೇನ್ರಿ. ನೀವ ಏನ ಹಿಡದ ಕೂಡಿಸೀರಿ?"

ಡ್ರಾವರಿನಿಂದ ನನ್ನ ಕನ್ನಡಕ ತೆಗೆದು, ಎಲ್ಲರೆದುರು ಹಾಕಿಕೊಂಡು ನೋಡಿದೆ. ಗಾಜಿನ ಅಂಚಿನಲ್ಲಿ ಚಹಾ ಇನ್ನೂ ಅಂಟಿಕೊಂಡಿತ್ತು.

ಆಯಿ ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು. "ಕುರುಡಿ ಆದೆ ಅಂತ ಅತ್ತಿದ್ನೋ ತಮ್ಮಾ," ಎಂದಳು, ಅಷ್ಟೇ. ಗಾಜು ತಿರುಗಿಸಿ ಕೂರಿಸಿದೆ, ನೆಲ ನೆಟ್ಟಗಾಯಿತು. ಕೂಸನ್ನು ತೊಟ್ಟಿಲಿಗೆ ಹಾಕುವುದರೊಳಗೆ ಇನ್ನೊಂದು ಕೌದಿ ಹೊಲಿದಳು. ಅಂದಿನಿಂದ ನನ್ನ ಕನ್ನಡಕ ಮೂಗಿನ ಮೇಲಿದೆ.

ಮಾಸ್ತರರು ಈ ಸಲ ನಗಲಿಲ್ಲ. ಕೇಳಿದರು: "ಮತ್ತ ಆಯಿ ಕಡೀಕ ನಿಮಗ ಏನ ಕೊಟ್ಟಳು?"

"ಒಂದ ಸ್ವಲ್ಪ ಎದ್ದ ನಿಲ್ರಿ ಸರ," ಎಂದೆ. "ನೀವ ಕೂತದ್ದ ಅದರ ಮ್ಯಾಲೇ."