ತುಕ್ಕು ತೊಳೆದ ಗುರುವಾರ

ಕೊಳೆ ತಾನಾಗಿ ಬರುತ್ತದೆ, ಅದನ್ನು ಓಡಿಸಲಿಕ್ಕೆ ಮಾತ್ರ ಮನುಷ್ಯರು ಬೇಕು ಎಂದು ನಾನು ಅರವತ್ತೆಂಟು ವರ್ಷ ನಂಬಿದ್ದೆ. ಕೊಳೆಯನ್ನು ಮನುಷ್ಯರೇ ತಯಾರಿಸುವುದೂ ಉಂಟು, ಅದಕ್ಕೆ ಬಗೆಬಗೆಯ ಕುಂಚಗಳಿವೆ, ಪುಡಿಗಳಿವೆ, ಕಲಿಸಿಕೊಡುವ ವಿಡಿಯೊಗಳಿವೆ, ಚೆನ್ನಾಗಿ ಕೊಳೆ ಮಾಡಿದವರಿಗೆ ಬಹುಮಾನವೂ ಇದೆ ಎಂದು ನನಗೆ ತಿಳಿದದ್ದು ನಮ್ಮವರು ನಿವೃತ್ತರಾದ ಮೇಲೆ. ಗಂಡಸರು ನಿವೃತ್ತರಾದರೆ ಹೆಂಗಸರ ಸಾಮಾನ್ಯಜ್ಞಾನ ಹೆಚ್ಚುತ್ತದೆ.

ನನ್ನ ಸ್ವಭಾವವನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಆಮೇಲೆ ನಡೆದದ್ದಕ್ಕೆಲ್ಲ ಅದೇ ಕಾರಣ. ನಮ್ಮಪ್ಪ ಮೈಸೂರಿನ ರೈಲ್ವೆ ಕಾರ್ಯಾಗಾರದಲ್ಲಿ ಟೈಮ್‌ಕೀಪರ್ ಆಗಿದ್ದರು. ಮನೆಯಲ್ಲೂ ಅದೇ ಹುದ್ದೆ ನಡೆಸುತ್ತಿದ್ದರು. ಐದಕ್ಕೆ ಏಳುವುದು, ಐದೂಕಾಲಿಗೆ ಹಾಸಿಗೆ ಸುತ್ತುವುದು, ಐದೂವರೆಯಿಂದ ಸ್ನಾನದ ಸರದಿ. ಸರದಿ ತಪ್ಪಿದವರಿಗೆ ಅಂದು ತಣ್ಣೀರು. ಈ ತರಬೇತಿ ವ್ಯರ್ಥವಾಗಲಿಲ್ಲ. ಅಮೆರಿಕಕ್ಕೆ ಬಂದ ಮೇಲೆ ಚಿಕಾಗೋ ಕಡೆಯ ಓಕ್ ಬ್ರೂಕ್ ಹತ್ತಿರದ ಆಸ್ಪತ್ರೆಯೊಂದರಲ್ಲಿ ಶಸ್ತ್ರಚಿಕಿತ್ಸೆಯ ಕತ್ತರಿ, ಚಿಮಟಗಳನ್ನು ತೊಳೆದು ಕ್ರಿಮಿರಹಿತ ಮಾಡುವ ವಿಭಾಗದಲ್ಲಿ ಇಪ್ಪತ್ತಾರು ವರ್ಷ ದುಡಿದೆ. ಒಂದು ಚಿಮಟದ ಕೀಲಿನಲ್ಲಿ ಕೂದಲೆಳೆಯಷ್ಟು ಕಲೆ ಉಳಿದರೂ ಇಡೀ ತಟ್ಟೆಯನ್ನು ವಾಪಸ್ ಕಳಿಸುತ್ತಿದ್ದೆ. ಅಲ್ಲಿ ನನ್ನ ಬೆನ್ನ ಹಿಂದೆ ನನಗೊಂದು ಅಡ್ಡಹೆಸರಿತ್ತೆಂದು ಕೇಳಿದ್ದೇನೆ. ಅದೇನೆಂದು ವಿಚಾರಿಸಲು ದಿನಚರಿಯಲ್ಲಿ ಸಮಯವಿರಲಿಲ್ಲ. ಈಗಲೂ ಗ್ಲೆಂಡೇಲ್ ಹೈಟ್ಸ್‌ನ ನಮ್ಮ ಮನೆಯ ಫ್ರಿಜ್ಜಿನ ಬಾಗಿಲ ಮೇಲೆ ವಾರದ ಪಟ್ಟಿ ಇದೆ. ಗುರುವಾರ, ಒಂಬತ್ತೂವರೆ, ಬೇಸ್‌ಮೆಂಟ್.

ನಮ್ಮವರು, ಅಂದರೆ ಮೂರ್ತಿ, ಡೆಟ್ರಾಯಿಟ್ ಕಡೆಯ ಒಂದು ಕಾರು ಕಾರ್ಖಾನೆಯ ಪ್ರಯೋಗಾಲಯದಲ್ಲಿ ವಾಹನಗಳಿಗೆ ತುಕ್ಕು ಹಿಡಿಯದಂತೆ ನೋಡಿಕೊಳ್ಳುವ ವಿದ್ಯೆಯಲ್ಲಿ ತಲೆ ಹಣ್ಣು ಮಾಡಿಕೊಂಡವರು. ಚಿಕಾಗೋ ಕಡೆ ಬಂದ ಮೇಲೂ ಅದೇ ಕೆಲಸ. ಅಮೆರಿಕದ ಚಳಿಗಾಲದ ರಸ್ತೆಗೆ ಸುರಿಯುವ ಉಪ್ಪನ್ನು ಅವರಷ್ಟು ದ್ವೇಷಿಸಿದವರಿಲ್ಲ. ಅಂಥವರು ನಿವೃತ್ತರಾದ ಎರಡನೆಯ ತಿಂಗಳು ಒಂದು ಪೆಟ್ಟಿಗೆ ತಂದರು. ಅದರೊಳಗೆ ರಿಮೋಟಿನಿಂದ ಓಡುವ, ಬಂಡೆ ಹತ್ತುವ ಟ್ರಕ್ಕಿನ ಬಿಡಿಭಾಗಗಳಿದ್ದವು. ನಿಜವಾದ ಟ್ರಕ್ಕಿನ ಹತ್ತನೆಯ ಒಂದು ಭಾಗದಷ್ಟು ಅಳತೆ, ಸಾಸಿವೆಗಿಂತ ಸ್ವಲ್ಪ ದೊಡ್ಡ ಸ್ಕ್ರೂಗಳು. ಜೋಡಿಸಿ ಮುಗಿಸಿದರೆ ಆಯಿತು ಎಂದುಕೊಂಡೆ. ಜೋಡಿಸಿದ ಮೇಲೆಯೇ ಕೆಲಸ ಶುರು. ಬಂದಿದ್ದ ಚಕ್ರ ಕಿತ್ತು ಬೇರೆ ಚಕ್ರ ಹಾಕಿದರು. ಬಂದಿದ್ದ ಸ್ಪ್ರಿಂಗ್ ತೆಗೆದು ಮೆತ್ತನೆಯ ಸ್ಪ್ರಿಂಗ್ ಹಾಕಿದರು. ಆಕ್ಸಲ್ ಬದಲಾಯಿತು, ಮೋಟಾರ್ ಬದಲಾಯಿತು, ಕೊನೆಗೆ ಮೇಲಿನ ಕವಚವೂ ಬದಲಾಯಿತು.

"ಈಗ ಮೊದಲಿನದು ಏನು ಉಳೀತು?" ಎಂದು ಕೇಳಿದೆ.

"ಪೆಟ್ಟಿಗೆ ಇದೆಯಲ್ಲ," ಎಂದರು.

"ಹಾಗಾದ್ರೆ ಪೆಟ್ಟಿಗೆ ಒಂದನ್ನೇ ತರಬಹುದಿತ್ತು."

"ನಿನಗೆ ಗೊತ್ತಾಗಲ್ಲ ವತ್ಸಲಾ. ಇದನ್ನ ಬಿಲ್ಡ್ ಅಂತಾರೆ."

ಈ ರೋಗ ಹಚ್ಚಿದವರು ಧಾರವಾಡದ ಡಾಕ್ಟರ್ ಪಾಟೀಲರು. ರೋಗಿಗಳಿಗೆ ಅರಿವಳಿಕೆ ಕೊಡುವುದು ಅವರ ವೃತ್ತಿ. ಸ್ನೇಹಿತರಿಗೂ ಕೊಟ್ಟಿದ್ದಾರೆ ಎಂದು ನನ್ನ ಅನುಮಾನ. ಇವರದೊಂದು ಗುಂಪು. ಎಲ್ಲರೂ ಎಂಜಿನಿಯರು, ಡಾಕ್ಟರು. ಎಲ್ಲರ ಗರಾಜಿನಲ್ಲೂ ಬೆಟ್ಟ ಹತ್ತಬಲ್ಲ ದೊಡ್ಡ ಗಾಡಿಗಳಿವೆ. ಅವು ಬೆಟ್ಟ ಬಿಡಿ, ಡಾಂಬರು ಬಿಟ್ಟು ಇಳಿದದ್ದಿಲ್ಲ. ದೇವಸ್ಥಾನದ ಪಾರ್ಕಿಂಗ್ ಲಾಟಿನಲ್ಲಿ ಕೆಸರಿದ್ದರೆ ಇವರು ಆ ಗಾಡಿಯನ್ನು ಅರ್ಧ ಮೈಲಿ ಆಚೆ ನಿಲ್ಲಿಸಿ ನಡೆದು ಬರುತ್ತಾರೆ. ಆ ದೊಡ್ಡ ಗಾಡಿ ಮಾಡಬೇಕಾದ ಸಾಹಸವನ್ನೆಲ್ಲ ಈ ಸಣ್ಣ ಗಾಡಿ ಮಾಡಬೇಕು. ಅದರ ಮೇಲೆ ಬೆರಳುದ್ದದ ಸಲಿಕೆ, ಬೆಂಕಿಪೊಟ್ಟಣದಷ್ಟು ಐಸ್‌ಪೆಟ್ಟಿಗೆ, ಹೆಬ್ಬೆರಳಿನಷ್ಟು ಅಗ್ನಿಶಾಮಕ. ಒಳಗೆ ಗಂಭೀರ ಮುಖದ ಒಬ್ಬ ಚಾಲಕ ಕೂತಿರುತ್ತಾನೆ. ಕೆಳಗೆ ಬ್ಯಾಟರಿಗೆ ಜಾಗ ಬೇಕೆಂದು ಅವನಿಗೆ ಸೊಂಟದಿಂದ ಕೆಳಗೆ ಏನೂ ಇರುವುದಿಲ್ಲ.

ಬೇಸ್‌ಮೆಂಟಿನಲ್ಲಿ ಬಣ್ಣ, ಅಂಟು, ಪ್ಲಾಸ್ಟಿಕ್ ಹೊಟ್ಟು ಹರಡತೊಡಗಿದಾಗ ನಾನು ನೆಲದ ಮೇಲೆ ಉದ್ದಕ್ಕೂ ಒಂದು ನೀಲಿ ಟೇಪು ಅಂಟಿಸಿದೆ. ಟೇಪಿನ ಆಚೆ ಅವರ ರಾಜ್ಯ. ಅಲ್ಲಿ ನಾನು ಕಾಲಿಡುವುದಿಲ್ಲ, ಕಣ್ಣೂ ಇಡುವುದಿಲ್ಲ. ಈಚೆ ನನ್ನದು: ವಾಷಿಂಗ್ ಮೆಷಿನ್, ಡ್ರೈಯರ್, ಸಿಂಕು, ಹೆಸರು ಬರೆದು ಸಾಲಾಗಿ ಇಟ್ಟ ಡಬ್ಬಿಗಳು. ಈಚೆ ಏನೇ ಇದ್ದರೂ ಗುರುವಾರ ಒಂಬತ್ತೂವರೆಗೆ ಅದನ್ನು ತೊಳೆಯಲಾಗುವುದು. ಇಬ್ಬರೂ ಕಾಫಿ ಕುಡಿಯುತ್ತಾ ಒಪ್ಪಿಕೊಂಡ ಕರಾರು ಇದು. ಎರಡು ವರ್ಷ ಯಾವ ಗಡಿ ತಕರಾರೂ ಇಲ್ಲದೆ ನಡೆಯಿತು.

ಈ ಬೇಸಿಗೆಯಲ್ಲಿ ಅವರು ಒಂದು ವಿಶೇಷ ಗಾಡಿ ಕಟ್ಟಿದರು. ನಾವು ಡೆಟ್ರಾಯಿಟಿಗೆ ಬಂದ ಹೊಸದರಲ್ಲಿ ಕೊಂಡಿದ್ದ ಹಳೆಯ ನೀಲಿ ಪಿಕಪ್ಪಿನ ಪಡಿಯಚ್ಚು. ನಿಜವಾದ ಆ ಗಾಡಿಯ ನೆಲದಲ್ಲಿ ತುಕ್ಕು ತಿಂದು ತೂತಾಗಿತ್ತು. ನನ್ನ ಕಾಲ ಕೆಳಗೆ ರಸ್ತೆ ಓಡುವುದು ಕಾಣುತ್ತಿತ್ತು. ನಾನು ಅದರ ಮೇಲೆ ಬಿಸ್ಕತ್ತು ಬೇಯಿಸುವ ತಟ್ಟೆ ಮುಚ್ಚಿ, ತಟ್ಟೆಯ ಮೇಲೆ ಕಾಲಿಟ್ಟು ಕೂರುತ್ತಿದ್ದೆ. ಅದರ ಒಂದೇ ಒಂದು ಫೋಟೊ ನಮ್ಮಲ್ಲಿದೆ. ಅದರಲ್ಲಿ ನಾನು ಬಟ್ಟೆ ಹಿಡಿದು ಗಾಡಿಯ ಬಾಗಿಲು ಒರೆಸುತ್ತಿದ್ದೇನೆ. ಆ ಫೋಟೊವನ್ನು ತಮ್ಮ ಮೇಜಿನ ಮುಂದಿನ ಗೋಡೆಗೆ ಚುಚ್ಚಿಕೊಂಡು, ಭೂತಗನ್ನಡಿ ಹಿಡಿದು, ಎಲ್ಲೆಲ್ಲಿ ತುಕ್ಕು ಇತ್ತೋ ಅಲ್ಲಲ್ಲಿ ಬಣ್ಣದ ಪುಡಿಯಿಂದ ತುಕ್ಕು ಕೂಡಿಸಲು ಅವರಿಗೆ ಆರು ವಾರ ಹಿಡಿಯಿತು. ತುಕ್ಕಿನ ಸಂಗತಿ ನನಗೆ ತಿಳಿದದ್ದು ಆಮೇಲೆ. ಶನಿವಾರ ಡೆಟ್ರಾಯಿಟಿನ ಉತ್ತರಕ್ಕೆ ಒಂದು ತೋಟದಲ್ಲಿ ಸ್ಪರ್ಧೆ. ಮೊದಲು ಮೇಜಿನ ಮೇಲೆ ಗಾಡಿಯ ರೂಪ ನೋಡಿ ಅಂಕ, ಆಮೇಲೆ ಬಂಡೆ ಹತ್ತಿಸಿ ಅಂಕ. ಯಾವುದಕ್ಕೂ ಆಸೆಪಡದ ಮನುಷ್ಯ ಈ ಸಲ ಊಟದ ಮಧ್ಯೆ, "ರೂಪದಲ್ಲಿ ಒಂದು ಪ್ರೈಜ್ ಬರಬಹುದು ಅನ್ಸತ್ತೆ," ಎಂದು ತಾವಾಗಿಯೇ ಹೇಳಿದ್ದರು.

ಆ ಗುರುವಾರ ಅವರು ಪಾಟೀಲರ ಮನೆಗೆ ಹೋಗಿದ್ದರು. ಹೋಗುವ ಮುನ್ನ ತಮ್ಮ ಕಡೆ ಏನನ್ನೋ ಉಜ್ಜಿ ಹೊಟ್ಟು ಹಾರಿಸಿದ್ದರಿಂದ, ಒಣಗುತ್ತಿದ್ದ ಗಾಡಿಯ ಕವಚದ ಮೇಲೆ ಧೂಳು ಕೂರಬಾರದೆಂದು ಅದನ್ನು ತಂದು ನನ್ನ ಡ್ರೈಯರಿನ ಮೇಲೆ ಇಟ್ಟಿದ್ದರು. ಕೃತಕ ಕೊಳೆಯ ಮೇಲೆ ಸಹಜ ಕೊಳೆ ಬೀಳಬಾರದು. ನಾನು ಒಂಬತ್ತೂವರೆಗೆ ಇಳಿದೆ. ಗಡಿಯ ಈಚೆ ಒಂದು ಕೊಳಕು ವಸ್ತು ಇತ್ತು. ನಾನು ಯೋಚಿಸಲಿಲ್ಲ ಎಂದರೆ ಸುಳ್ಳಾಗುತ್ತದೆ. ಅವರು ಕರಾರು ಮರೆತಿದ್ದಾರೆ, ಇಷ್ಟು ಗಲೀಜಾದ ಗಾಡಿಯನ್ನು ಸ್ಪರ್ಧೆಗೆ ಒಯ್ಯುವುದೂ ಚೆನ್ನಾಗಿರುವುದಿಲ್ಲ, ತೊಳೆದಿಟ್ಟರೆ ಸಂತೋಷಪಟ್ಟಾರು ಎಂದೇ ಯೋಚಿಸಿದೆ. ಆರು ವಾರ ಅವರು ಮೇಜಿನ ಮುಂದೆ ಕುಂಚ ಹಿಡಿದು ಕೂತಿದ್ದನ್ನು ಬಲ್ಲೆ. ಆದರೆ ಟೇಪಿನಾಚೆ ಕಣ್ಣಿಡದ ವ್ರತದವಳಾದ ನಾನು ಅವರು ಗಾಡಿಗೆ ಬಣ್ಣ ಹೊಡೆಯುತ್ತಿದ್ದಾರೆಂದು ತಿಳಿದಿದ್ದೆನೇ ಹೊರತು ತುಕ್ಕು ಹೊಡೆಯುತ್ತಿದ್ದಾರೆಂದಲ್ಲ. ಉಗುರುಬೆಚ್ಚಗಿನ ನೀರು, ಎರಡು ಹನಿ ಸೋಪು, ಆಸ್ಪತ್ರೆಯಿಂದ ನಿವೃತ್ತಿಯ ನೆನಪಿಗೆ ತಂದುಕೊಂಡಿದ್ದ ಸಣ್ಣ ಬ್ರಷ್ಷುಗಳು. ಬಾಗಿಲಿನ ಸಂದು, ದೀಪದ ಸುತ್ತ, ಬಂಪರಿನ ಹಿಂಭಾಗ. ಹಳೆಯ ಕೈಚಳಕ ಮರಳಿ ಬಂತು. ಹತ್ತು ಗಂಟೆಗೆ ಬಿಳಿ ಟವೆಲಿನ ಮೇಲೆ ಆಕಾಶನೀಲಿ ಬಣ್ಣದ ಗಾಡಿ ಷೋರೂಮಿನಿಂದ ಈಗ ತಾನೆ ಇಳಿದಂತೆ ಹೊಳೆಯುತ್ತಿತ್ತು. ಹೆಮ್ಮೆಯಿಂದ ಸ್ಕೋಕಿಯಲ್ಲಿರುವ ಮಗಳು ಅನುಗೆ ವಿಡಿಯೊ ಕಾಲ್ ಮಾಡಿ ತೋರಿಸಿದೆ.

ಅವಳು ಮುಖವನ್ನು ಫೋನಿನ ಹತ್ತಿರಕ್ಕೆ ತಂದಳು. "ಅಮ್ಮಾ, ವೇರ್ ಈಸ್ ದ ರಸ್ಟ್?" ಎಂದಳು.

"ಎಲ್ಲಾ ಹೋಯ್ತು. ಸೋಪಿಗೇ ಹೋಯ್ತು, ವಿನೆಗರ್ ಕೂಡ ಬೇಕಾಗ್ಲಿಲ್ಲ."

"ಅಮ್ಮಾ. ದಟ್ ವಾಸ್ ದ ಹೋಲ್ ಪಾಯಿಂಟ್. ಡ್ಯಾಡ್ ಮೇಡ್ ದಟ್ ರಸ್ಟ್."

ತುಕ್ಕನ್ನು ಯಾರಾದರೂ ಮಾಡುತ್ತಾರೆಯೇ ಎಂದು ಕೇಳಿದೆ. ಅಪ್ಪನಿಂದ ಎಲ್ಲ ಕೇಳಿ ತಿಳಿದಿದ್ದ ಅವಳು ವಿವರಿಸಿದಳು. ಪುಡಿ, ಕುಂಚ, ಆರು ವಾರ, ಫೋಟೊ. ನಾಳೆ ಅದರ ಮೇಲೊಂದು ಸೀಲರ್ ಹೊಡೆಯುವವರಿದ್ದರಂತೆ. ಹೊಡೆದಿದ್ದರೆ ನೀರಿಗೂ ಹೋಗುತ್ತಿರಲಿಲ್ಲವಂತೆ. ನನಗೆ ಆ ಬಿಸ್ಕತ್ತಿನ ತಟ್ಟೆ ನೆನಪಾಯಿತು. ಕಾಲ ಕೆಳಗಿನ ರಸ್ತೆಯೂ ನೆನಪಾಯಿತು.

"ಜಸ್ಟ್ ಟೆಲ್ ಹಿಮ್, ಅಮ್ಮಾ."

"ಹೇಳ್ತೀನಿ. ಮೊದ್ಲು ಸರಿ ಮಾಡ್ತೀನಿ."

ಅವರು ಮೂರಕ್ಕೆ ಬರುವವರಿದ್ದರು. ಆ ವಾರದ ಪಟ್ಟಿಯನ್ನು ಮಡಿಚಿ ಡ್ರಾಯರಿಗೆ ಹಾಕಿದೆ. ಜೀವಮಾನದಲ್ಲಿ ಮೊದಲ ಸಲ ಕೊಳೆ ಮಾಡಲು ಕೂತೆ, ಅದಕ್ಕಾಗಿ ಮೊದಲು ಕೈ ತೊಳೆದುಕೊಂಡೆ. ಸಂಕ್ರಾಂತಿ ರಂಗೋಲಿಯ ಅಂಚಿಗೆಂದು ಇಟ್ಟಿದ್ದ ಕೆಮ್ಮಣ್ಣು ಒಂದು ಡಬ್ಬಿ ಇತ್ತು, ಅದೇ ತುಕ್ಕು. ಕಾಫಿ ಡಿಕಾಕ್ಷನ್ನೇ ಒಣಗಿದ ಕೆಸರು. ಕಬ್ಬಿಣದ ಬಾಣಲೆಯ ತಳದ ಮಸಿಯೇ ಎಣ್ಣೆಕಲೆ. ಆ ಮಸಿಗಾಗಿ ಬಾಣಲೆಯ ಹಿಂಭಾಗವನ್ನು ಒಲೆಯ ಮೇಲೆ ಬೇಕೆಂದೇ ಸುಟ್ಟೆ, ಏಕೆಂದರೆ ನನ್ನ ಬಾಣಲೆಗಳಿಗೆ ಮಸಿ ಇರುವುದಿಲ್ಲ. ಫೋಟೊ ಬೇಕಾಗಿ ಟೇಪು ದಾಟಿದೆ. ದಾಟುವಾಗ ಯಾರೂ ಇಲ್ಲದಿದ್ದರೂ ಆಚೀಚೆ ನೋಡಿದೆ. ಫೋಟೊದಲ್ಲಿ ಕಾಣುವುದು ಗಾಡಿಯ ಒಂದೇ ಮಗ್ಗುಲು. ಅದರಲ್ಲೂ ಬಾಗಿಲಿನ ಮುಖ್ಯ ತುಕ್ಕಿಗೆ ನಾನೇ ಅಡ್ಡ ನಿಂತಿದ್ದೇನೆ. ಇನ್ನೊಂದು ಮಗ್ಗುಲಿಗೆ ಏನು ಮಾಡುವುದು? ಒಂದು ಕಡೆ ಮಾಡಿದ್ದನ್ನೇ ಸ್ಕೇಲ್ ಇಟ್ಟು ಅಳೆದು ಆ ಕಡೆಗೂ ಮಾಡಿದೆ. ಎರಡು ಐವತ್ತಕ್ಕೆ ಗಾಡಿ ಡ್ರೈಯರಿನ ಮೇಲಿತ್ತು. ನೋಡಲು ಎಷ್ಟು ಹೇಯವಾಗಿತ್ತೆಂದರೆ ನನಗೇ ತೃಪ್ತಿಯಾಯಿತು.

ಅವರು ಬಂದರು, ಕೆಳಗಿಳಿದರು, ಬಹಳ ಹೊತ್ತು ಮೇಲೆ ಬರಲಿಲ್ಲ. ನಾನು ಮೆಟ್ಟಿಲ ಮೇಲೆ ನಿಂತು ತಪ್ಪೊಪ್ಪಿಗೆಯ ಮಾತುಗಳನ್ನು ಕ್ರಮವಾಗಿ ಜೋಡಿಸಿಕೊಂಡಿದ್ದೆ. ಬಂದವರು, "ಇವತ್ತು ಹುಳಿ ಏನು?" ಎಂದರು. ಬೀನ್ಸ್ ಎಂದೆ. ಅಷ್ಟಕ್ಕೇ ಮುಗಿಯಿತು. ಶುಕ್ರವಾರ ಸ್ಪ್ರೇ ಡಬ್ಬಿ ಬುಸ್ ಎನ್ನುವುದು ಕೇಳಿಸಿತು, ಸೀಲರ್ ಹೊಡೆದರು. ಗೊತ್ತಾಗಿಲ್ಲ ಎಂದು ನಿಶ್ಚಿಂತಳಾದೆ. ತಪ್ಪೊಪ್ಪಿಗೆಯನ್ನು ಮುಂದಿನ ಸೋಮವಾರದ ಪಟ್ಟಿಗೆ, ತರಕಾರಿ ತಂದ ನಂತರ, ಸೇರಿಸಿದೆ.

ಶನಿವಾರ ನಾನೂ ಹೊರಟೆ. ಡೆಟ್ರಾಯಿಟ್ ಇರುವ ಮಿಶಿಗನ್ ರಾಜ್ಯ ಎಂದರೆ ನನಗೆ ಮೊದಲಿನಿಂದಲೂ ಸ್ವಲ್ಪ ಮುನಿಸು. ಗಡಿ ದಾಟಿದ ಕೂಡಲೇ ಗಡಿಯಾರ ಮುಂದೆ ಮಾಡಿಸಿ ದಿನದಿಂದ ಒಂದು ಗಂಟೆ ಕಿತ್ತುಕೊಳ್ಳುತ್ತದೆ. ತೋಟದಲ್ಲಿ ನೋಡಿದರೆ ನಲವತ್ತು ಜನ ದೊಡ್ಡ ಗಂಡಸರು ಕೈಯಲ್ಲಿ ರಿಮೋಟ್ ಹಿಡಿದು, ಸೊಂಟ ಬಗ್ಗಿಸಿ, ಹೊಸದಾಗಿ ನಡೆಯಲು ಕಲಿತ ಮಗುವಿನ ಹಿಂದೆ ಹೋಗುವಂತೆ ತಮ್ಮ ತಮ್ಮ ಗಾಡಿಗಳ ಹಿಂದೆ ಹೋಗುತ್ತಿದ್ದರು. ತೆಂಗಿನಕಾಯಿ ಗಾತ್ರದ ಒಂದು ಕಲ್ಲಿಗೆ ಪಾಟೀಲರ ಗಾಡಿ ಸಿಕ್ಕಿಕೊಂಡಿತ್ತು. ಎರಡು ಬೆರಳಲ್ಲಿ ಎತ್ತಿ ಈಚೆ ಇಡೋಣವೆಂದು ಬಗ್ಗಿದೆ.

"ಮುಟ್ಟಬ್ಯಾಡ್ರಿ ಅಕ್ಕಾರ, ಹತ್ತು ಪಾಯಿಂಟ್ ಹೋಗ್ತಾವ," ಎಂದರು ಪಾಟೀಲರು. ಆಮೇಲೆ ಮೊಣಕಾಲೂರಿ, ಗಾಡಿಯನ್ನು ಎಳೆಯುವ, ದಾರದಷ್ಟು ತೆಳ್ಳಗಿನ ಹಗ್ಗವನ್ನು ಒಂದು ಹುಲ್ಲಿನ ಬುಡಕ್ಕೆ ಕಟ್ಟಲು ಶುರು ಮಾಡಿದರು. ಹುಲ್ಲು ಕಿತ್ತು ಬಂತು. ಇನ್ನೊಂದು ಹುಲ್ಲು ಹುಡುಕಿದರು. ಈ ಮನುಷ್ಯ ತನ್ನ ಮನೆಯ ಹುಲ್ಲು ಕತ್ತರಿಸಲು ಆಳು ಇಟ್ಟಿದ್ದಾರೆ.

ರೂಪದ ತೀರ್ಪುಗಾರ ಎದೆಯವರೆಗೆ ಗಡ್ಡ ಬಿಟ್ಟ, ಮೆಲುದನಿಯ ಮನುಷ್ಯ. ನಮ್ಮ ಗಾಡಿಯನ್ನು ಎತ್ತಿ, ಎಡಗಡೆ ನೋಡಿದ, ಹುಬ್ಬು ಮೇಲೇರಿತು. ಬಲಗಡೆ ನೋಡಿದ, ಹುಬ್ಬು ಇಳಿಯಿತು. ಮತ್ತೆ ಎಡಗಡೆ ತಿರುಗಿಸಿದ. ಮೂಸಿ ನೋಡಿದ. "ಈಸ್ ದಿಸ್ ಕಾಫಿ?" ಎಂದ. ನಂತರ ನಮ್ಮವರಿಗೆ ಬಹಳ ಮರ್ಯಾದೆಯಿಂದ ವಿವರಿಸಿದ: ಬಣ್ಣ ಅದ್ಭುತ, ಇಂಥ ತುಕ್ಕಿನ ಬಣ್ಣವನ್ನು ತಾನು ನೋಡಿಯೇ ಇಲ್ಲ, ಆದರೆ ಎರಡೂ ಬಾಗಿಲಿನಲ್ಲಿ ತುಕ್ಕು ಒಂದೇ ಎತ್ತರಕ್ಕೆ, ಒಂದೇ ಆಕಾರದಲ್ಲಿ ಇದೆ, ಕೆಸರಿನ ಹನಿಗಳ ನಡುವೆ ಸಮಾನ ಅಂತರವಿದೆ. ಯಾವ ಗಾಡಿಯೂ ಇಷ್ಟು ಶಿಸ್ತಾಗಿ ಹಾಳಾಗುವುದಿಲ್ಲ. "ದಿಸ್ ಈಸ್ ವೆರಿ ಟೈಡಿ ಡರ್ಟ್, ಸರ್," ಎಂದ. ಹದಿನಾಲ್ಕು ಗಾಡಿಗಳಲ್ಲಿ ಹನ್ನೊಂದನೆಯ ಸ್ಥಾನ.

ಆ ಮನುಷ್ಯ ಮುಂದಿನ ಮೇಜಿಗೆ ಹೋದ ಮೇಲೆ ಸೋಮವಾರದವರೆಗೆ ಕಾಯುವುದು ಸರಿಯಲ್ಲ ಅನ್ನಿಸಿತು.

"ನಾನು ತೊಳೆದೆ," ಎಂದೆ. "ಗುರುವಾರ. ಆಮೇಲೆ ನಾನೇ ಬಳಿದೆ."

"ಗೊತ್ತು," ಎಂದರು. "ನಾನು ಗಾಡಿನ ಓರೆಯಾಗಿ ಇಟ್ಟಿದ್ದೆ. ಬಂದು ನೋಡಿದ್ರೆ ಡ್ರೈಯರ್ ಅಂಚಿಗೆ ಸರಿಯಾಗಿ ನಿಂತಿತ್ತು."

"ಮತ್ತೆ ಶುಕ್ರವಾರ ಸರಿ ಮಾಡ್ಕೋಬಹುದಿತ್ತಲ್ಲ. ಅದ್ರ ಮೇಲೇ ಯಾಕೆ ಸೀಲರ್ ಹೊಡೆದ್ರಿ?"

ಅವರು ಗಾಡಿಯ ಬಾಗಿಲಿನ ಕೆಮ್ಮಣ್ಣನ್ನು ಬೆರಳಿನಿಂದ ಸವರಿದರು. "ನಲವತ್ತೆರಡು ವರ್ಷದಲ್ಲಿ ನೀನು ಏನನ್ನಾದ್ರೂ ಕೊಳಕು ಮಾಡಿದ್ದು ಇದೊಂದೇ, ವತ್ಸಲಾ. ತೊಳೆಯೋಕೆ ಮನಸ್ಸು ಬರ್ಲಿಲ್ಲ," ಎಂದರು.

ಬಹುಮಾನ ಹೋದ ದುಃಖ ಅವರಿಗೆ ಇದ್ದೇ ಇತ್ತು. ವಾಪಸ್ ಬರುವಾಗ ನಡುವಿನ ಇಂಡಿಯಾನಾ ರಾಜ್ಯ ಮುಗಿಯುವವರೆಗೆ ರೇಡಿಯೊ ಹಾಕಲಿಲ್ಲ. ಕಿತ್ತುಕೊಂಡಿದ್ದ ಒಂದು ಗಂಟೆ ಮಾತ್ರ ವಾಪಸ್ ಸಿಕ್ಕಿತು. ಆ ಗಂಟೆಯನ್ನು ಏನು ಮಾಡುವುದೆಂದು ದಾರಿಯುದ್ದಕ್ಕೂ ಯೋಚಿಸಿದೆ.

ಈಗ ನೀಲಿ ಟೇಪು ಎರಡು ಅಡಿ ಈಚೆ ಸರಿದಿದೆ. ಮುಂದಿನ ಗಾಡಿಯ ಕೊಳೆ ನನ್ನ ಜವಾಬ್ದಾರಿ. ಬಣ್ಣ ನನ್ನದು ಚೆನ್ನಾಗಿದೆಯಂತೆ, ಹರಡುವುದು ಕಲಿಯಬೇಕಂತೆ. ಫ್ರಿಜ್ಜಿನ ಪಟ್ಟಿಯಲ್ಲಿ ಹೊಸ ಸಾಲು ಸೇರಿದೆ: ಮಂಗಳವಾರ, ಗುರುವಾರ, ಹತ್ತರಿಂದ ಹನ್ನೊಂದು, ಅಸ್ತವ್ಯಸ್ತತೆಯ ಅಭ್ಯಾಸ. ಹಳೆಯ ಪ್ಲಾಸ್ಟಿಕ್ ತುಂಡಿನ ಮೇಲೆ ಕಣ್ಣು ಮುಚ್ಚಿಕೊಂಡು ಕೆಸರು ಎರಚುತ್ತೇನೆ; ಕಣ್ಣು ತೆರೆದರೆ ಹನಿಗಳು ಸಾಲಾಗಿ ಕೂತಿರುತ್ತವೆ. ಆದರೂ ಕೈಬಿಟ್ಟಿಲ್ಲ. ಮೊನ್ನೆ ಮಂಗಳವಾರ ಅಭ್ಯಾಸಕ್ಕೆ ಎರಡು ನಿಮಿಷ ತಡವಾಗಿ ಹೋದೆ. ಸುಧಾರಿಸುತ್ತಿದ್ದೇನೆ ಎಂದು ಪಟ್ಟಿಯ ಅಂಚಿನಲ್ಲಿ ಗುರುತು ಹಾಕಿಕೊಂಡಿದ್ದೇನೆ.