ರಾಜರ ಗದ್ದದ ಮೇಲೊಂದು ತೂಬು

ಬಹಳ ಹಿಂದೆ, ಆದರೆ ಕಂಪ್ಯೂಟರು ಬಂದ ಮೇಲೆಯೇ, ಒಂದು ರಾಜ್ಯವಿತ್ತು. ಅದರ ಹೆಸರು ಕುಂಭಾವತಿ. ಶ್ರೀಮನ್ಮಹಾರಾಜ ವಿಶಾಲವದನರು ಅದನ್ನು ಧರ್ಮದಿಂದಲೂ ಪತ್ರಿಕಾ ಪ್ರಕಟಣೆಗಳಿಂದಲೂ ಆಳುತ್ತಿದ್ದರು. ರಾಜಧಾನಿಯ ನೆತ್ತಿಯ ಮೇಲೆ ಒಂದು ದೊಡ್ಡ ಕೆರೆ. ಏರಿಯ ಕೆಳಗೆ ಬಡವರ ಕೆಳಪೇಟೆ. ಹಿಂದಿನ ಕಾಲದ ನೀರುಗಂಟಿಗಳು ಏರಿಯ ಮೇಲೆ ನಡೆದು, ನೀರು ನೋಡಿ, ತೂಬು ಎತ್ತುತ್ತಿದ್ದರು. ‘ಇ-ಕೆರೆ’ ಯೋಜನೆ ಬಂದ ಮೇಲೆ ನೀರುಗಂಟಿ ಚಿಕ್ಕೀರಪ್ಪ ಏರಿಯ ಮೇಲಿನ ಕಚೇರಿಯಲ್ಲಿ ಕೂತು, ಪರದೆಯಲ್ಲಿ ನೀರು ನೋಡಿ, ಮೌಸು ಒತ್ತಿ ತೂಬು ಎತ್ತುತ್ತಿದ್ದ. ಅವನ ಮನೆಯೂ ಹೆಂಡತಿ ಬೋರಮ್ಮನೂ ಕೆಳಪೇಟೆಯಲ್ಲೇ ಇದ್ದುದರಿಂದ ಕೆಲಸದಲ್ಲಿ ಅವನಿಗೆ ಅಪಾರ ಶ್ರದ್ಧೆ. ಬೆಳಿಗ್ಗೆ ಬಂದವನೇ ಕೆರೆಯ ಕಿಟಕಿಯನ್ನು ಪರದೆ ತುಂಬ ಹರಡುವನು. ಎಡಕ್ಕೆ ಮೇಲುಗಡೆ ನೀರಿನ ಮಟ್ಟ. ಬಲಕ್ಕೆ ಕೆಳಗಡೆ ‘ತೂಬು ತೆರೆ’ ಎಂಬ ಹಸಿರು ಗುಂಡಿ.

ಹೀಗಿರಲಾಗಿ ಒಂದು ದಿನ ಮಹಾರಾಜರು ಕಚೇರಿಯ ತಪಾಸಣೆಗೆ ಬಿಜಯಂಗೈದರು. ರಾಜ್ಯದ ಸಕಲ ಕಂಪ್ಯೂಟರುಗಳ ಹಿನ್ನೆಲೆಯಲ್ಲೂ ಅವರ ಮುಖಾರವಿಂದವನ್ನೇ ಹಾಕಿಸಲಾಗಿತ್ತು. ಅವರು ಪರದೆಯನ್ನು ಬಹಳ ಹೊತ್ತು ನೋಡಿದರು.

“ನಾವೆಲ್ಲಿ?”

“ಹಿಂದುಗಡೆ ಇದೀರಿ ಬುದ್ಧಿ,” ಎಂದ ಚಿಕ್ಕೀರಪ್ಪ. “ಕೆರೆ ಹಿಂದೆ.”

“ನಮ್ಮ ಮುಖದ ಮೇಲೆ ಕೆರೆ ಚೆಲ್ಲಿದವರಾರು?”

ಮಹಾಮಂತ್ರಿ ತಥಾಸ್ತುರಾಯರು ತಲೆ ಬಾಗಿಸಿದರು. “ಪ್ರಭು, ಕೆರೆಯೊಂದನ್ನೇ ಏಕೆ ದೂಷಿಸಬೇಕು? ಖಜಾನೆಯವರು ತಮ್ಮ ಮೇಲೆ ಸಾಲ ಹರಡಿದ್ದಾರೆ. ಆಸ್ಪತ್ರೆಯವರು ಭೇದಿಯ ಅಂಕಿ-ಅಂಶ ಹರಡಿದ್ದಾರೆ.”

ಸಂಜೆಯೊಳಗೆ ರಾಜಾಜ್ಞೆ ಹೊರಟಿತು. ಪರದೆ ತುಂಬ ಕಿಟಕಿ ಹರಡುವುದು ರಾಜದ್ರೋಹ. ಪ್ರತಿಯೊಬ್ಬ ನೌಕರನೂ ಕಿಟಕಿಯ ಮೂಲೆ ಹಿಡಿದು, ಸ್ವಹಸ್ತದಿಂದ ಎಳೆದು ಕುಗ್ಗಿಸಿ, ರಾಜಮುಖವಿಲ್ಲದ ಜಾಗದಲ್ಲಿ ಇಡತಕ್ಕದ್ದು. ಮುಖವನ್ನು ಕುಗ್ಗಿಸಿದವರಿಗೆ ಗಡೀಪಾರು. ‘ಮೂಲೆ ಎಳೆಯುವ ಕೌಶಲ್ಯಾಭಿವೃದ್ಧಿ ಕಾರ್ಯಾಗಾರ’ವೂ ನಡೆಯಿತು, ಊಟದ ಸಮೇತ. ಕಂಪ್ಯೂಟರಿಗೊಬ್ಬರಂತೆ ಕತ್ತಿ ಹಿಡಿದ ಮುಖರಕ್ಷಕ ಭಟರು ನೇಮಕವಾದರು.

ಮಹಾರಾಜರ ಮುಖವೋ, ಹೆಸರಿಗೆ ತಕ್ಕ ಮುಖ. ಕಿವಿಯಿಂದ ಕಿವಿಗೆ ಪರದೆ ಮುಗಿದೇ ಹೋಗುತ್ತಿತ್ತು. ಕಿರೀಟದ ಎಡಗಡೆ ಎರಡು ಬೆರಳಗಲದ ಜಾಗ ಮಾತ್ರ ಉಳಿದಿತ್ತು. ಚಿಕ್ಕೀರಪ್ಪ ಉಸಿರು ಬಿಗಿಹಿಡಿದು ಇಡೀ ಕೆರೆಯನ್ನು ಅಲ್ಲಿ ತುರುಕಿದ. ನೀರಿನ ಮಟ್ಟದ ಮೊದಲ ಅಂಕಿ ಕಂಡಿತು. ಎರಡನೆಯದು ಕಾಣಲಿಲ್ಲ. ತೂಬಿನ ಗುಂಡಿಯಂತೂ ರಾಜರ ಗದ್ದದ ಮೇಲೆ ಬರಬೇಕಾದದ್ದು, ಬರಲಿಲ್ಲ.

ಆಮೇಲೆ ಮಳೆ ಹಿಡಿಯಿತು. ನಲವತ್ತಡಿಯ ಕೆರೆಗೆ ಮೂವತ್ತೊಂಬತ್ತು ಅಡಿ ನೀರು ಬಂತು. ಪರದೆಯ ಮೇಲೆ ‘೩’ ಎಂದಷ್ಟೇ ಇತ್ತು. ಅರಮನೆಯ ಪರದೆಯಲ್ಲೂ ಅಷ್ಟೇ. ಮೂರೇ ಅಡಿ ನೀರು ಉಳಿದಿದೆಯೆಂದು ತಿಳಿದ ತಥಾಸ್ತುರಾಯರು ಕೂಡಲೇ ರಾಜ್ಯವನ್ನು ಬರಪೀಡಿತವೆಂದು ಘೋಷಿಸಿದರು. ಮಹಾರಾಜರು ಛತ್ರಿ ಹಿಡಿಸಿಕೊಂಡು ಬರ ಅಧ್ಯಯನ ಪ್ರವಾಸಕ್ಕೆ ಏರಿಯ ಮೇಲೆ ಬಂದರು.

ಕಚೇರಿಯ ಗೋಡೆಗೆ ಕೆರೆಯ ಅಲೆ ಹೊಡೆಯುತ್ತಿತ್ತು. ಚಿಕ್ಕೀರಪ್ಪ ಕೈಮುಗಿದ. “ಬುದ್ಧಿ, ಕೆರೆ ತುಂಬೈತೆ. ಒಂದ್ಸಲ ಹೊರಗೆ ನೋಡಿ.”

“ನಿನಗೆ ಸಂಬಳ ಕೊಡುವುದು ಹೊರಗೆ ನೋಡಲೋ, ಒಳಗೆ ನೋಡಲೋ?” ಎಂದರು ಮಹಾಮಂತ್ರಿಗಳು.

“ಒಂದೇ ಗಳಿಗೆ ಕಿಟಕಿ ಅಗಲ ಮಾಡ್ತೀನಿ ಬುದ್ಧಿ. ತೂಬು ಎತ್ತಿ ಮತ್ತೆ ಸಣ್ಣದು ಮಾಡ್ತೀನಿ. ಕೆಳಗೆ ನನ್ನ ಹೆಂಡ್ತಿ ಅವ್ಳೆ.”

ಮಹಾರಾಜರಿಗೆ ಕರುಣೆ ಉಕ್ಕಿತು. “ಮಂತ್ರಿಗಳೇ, ಪ್ರಜೆಗಳಿಗಾಗಿ ನಾವು ಮುಖದ ಯಾವ ಭಾಗವನ್ನಾದರೂ ತ್ಯಾಗ ಮಾಡಬಲ್ಲೆವು. ಅನಗತ್ಯವಾದ ಭಾಗ ಯಾವುದು?”

“ಯಾವುದೂ ಇಲ್ಲ ಪ್ರಭು.”

“ಕಿವಿ?”

“ಶಾಂತಂ ಪಾಪಂ! ಪ್ರಜೆಗಳ ಅಹವಾಲು ಕೇಳುವ ಕಿವಿ!”

“ಯಾವಾಗ ಕೇಳಿದೆವು?”

“ಕೇಳದಿದ್ದರೂ ತೋರಿಸಬೇಕಲ್ಲ ಪ್ರಭು.”

“ಗದ್ದ?”

“ಅದು ದೃಢನಿರ್ಧಾರದ ಸಂಕೇತ. ಅದನ್ನು ಮುಚ್ಚಿದರೆ ಹೂಡಿಕೆದಾರರ ವಿಶ್ವಾಸ ಕುಸಿಯುತ್ತದೆ.”

ಉಪಸಮಿತಿ ರಚಿಸೋಣವೆಂದು ಮಹಾರಾಜರು ಅಪ್ಪಣೆ ಕೊಡಿಸುತ್ತಿರುವಾಗ ಚಿಕ್ಕೀರಪ್ಪ ಮೌಸಿಗೆ ಕೈ ಹಾಕಿದ. ಕಿಟಕಿಯ ಮೂಲೆ ಹಿಡಿದು ಎಳೆದ. ಅದು ಕಿರೀಟ ದಾಟಿ ಹುಬ್ಬಿನವರೆಗೆ ಬಂತು. ೩ರ ಪಕ್ಕದಲ್ಲಿ ೯ ಕಂಡಿತು. ಇನ್ನು ಕಣ್ಣು, ಮೂಗು, ಮೀಸೆ ದಾಟಿದರೆ ಗದ್ದ, ಗದ್ದದ ಮೇಲೆ ಗುಂಡಿ. ಅಷ್ಟರಲ್ಲಿ ಭಟನ ಕತ್ತಿ ಒರೆಯಿಂದ ಒಂದು ಗೇಣು ಈಚೆ ಬಂತು.

“ಅಣ್ಣಾ, ನಂಗೂ ಹೆಂಡ್ರು ಮಕ್ಕಳವ್ರೆ,” ಎಂದ ಭಟ, ಮೆಲ್ಲಗೆ. “ನನ್ ಕೈಲಿ ಪಾಪ ಮಾಡಿಸ್ಬೇಡ.”

ಕತ್ತಿ ಹತ್ತಿರವಿತ್ತು, ಕೆಳಪೇಟೆ ದೂರವಿತ್ತು. ಕಿಟಕಿ ಹುಬ್ಬಿನಿಂದ ಮೆತ್ತಗೆ ಹಿಂದಕ್ಕೆ ಸರಿದು ಕಿರೀಟದ ಪಕ್ಕ ಸೇರಿಕೊಂಡಿತು. ಮಹಾರಾಜರ ಮುಖ ಮತ್ತೆ ಪೂರ್ಣವಾಗಿ ಬೆಳಗಿತು. ಹೊರಗೆ ಏರಿ ಒಡೆದ ಸದ್ದಾಯಿತು.

ಮರುದಿನ ಆಸ್ಥಾನದಲ್ಲಿ ಸೂಕ್ಷ್ಮವಾದ ಪ್ರಶ್ನೆಯೊಂದು ಎದ್ದಿತು. ಅಧಿಕೃತವಾಗಿ ಕೆರೆಯಲ್ಲಿದ್ದದ್ದು ಮೂರೇ ಅಡಿ. ಹಾಗಿದ್ದರೆ ಕೆಳಪೇಟೆಯವರ ಮನೆಗಳಲ್ಲಿ ಸೂರು ಮುಟ್ಟುವ ನೀರು ಹೇಗೆ ಬಂತು? ಬರಗಾಲದಲ್ಲಿ ಅವರು ಕಳ್ಳತನದಿಂದ ನೀರು ಕೂಡಿಟ್ಟಿದ್ದಾರೆಂದು ಮಹಾಮಂತ್ರಿಗಳು ತೀರ್ಮಾನಿಸಿದರು. ಮನೆಮನೆಗೂ ದಂಡ ಬಿತ್ತು. ಹಣವಿಲ್ಲದವರು ಸಾಮಾನು ಕೊಡಬಹುದೆಂಬ ರಿಯಾಯಿತಿಯೂ ಸಿಕ್ಕಿತು. ಬರವನ್ನು ಧೈರ್ಯದಿಂದ ಎದುರಿಸಿದ ಮಹಾರಾಜರಿಗೆ ಎರಡನೆಯ ಸಲ ಕಿರೀಟಧಾರಣೆಯೆಂದು ನಿಶ್ಚಯವಾಯಿತು. ಪ್ರಲೋಭನೆಯನ್ನು ಗೆದ್ದು ರಾಜಮುಖವನ್ನು ಉಳಿಸಿದ ಚಿಕ್ಕೀರಪ್ಪನಿಗೆ ‘ವದನರಕ್ಷಾಮಣಿ’ ಬಿರುದು, ಒಂದು ಶಾಲು, ದಂಡ ವಸೂಲಿಗೆ ಒಂದು ದೋಣಿ ದೊರೆತವು.

ಅವನು ಬೀದಿಬೀದಿ ಹುಟ್ಟು ಹಾಕುತ್ತ ಕೊನೆಗೆ ತನ್ನ ಮನೆಗೆ ಬಂದ. ಬೋರಮ್ಮ ಹೆಂಚಿನ ಮೇಲೆ, ಕೋಳಿಯೊಂದನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು.

“ಅಂತೂ ಬಂದ್ರಲ್ಲ! ಶಾಲು ಬೇರೆ. ಎಲ್ಲಿ, ಕೈ ಕೊಡಿ.”

“ಇರು, ಮೊದ್ಲು ದಂಡ ಕಟ್ಬೇಕು,” ಎಂದ ಚಿಕ್ಕೀರಪ್ಪ, ಅವಳ ಮುಖ ನೋಡದೆ. “ನೀರು ಕೂಡಿಟ್ಟಿದ್ದಕ್ಕೆ.”

“ಮದ್ವೆ ಆದಾಗ ನಮ್ಮಪ್ಪ ಹೇಳಿದ್ರು, ಹುಡುಗ ಬಲು ನಿಯತ್ತಿನವ್ನು ಅಂತ,” ಎಂದು ಬೋರಮ್ಮ ಕೋಳಿಯನ್ನು ಕೆಳಕ್ಕೆ ಚಾಚಿದಳು.

ಅವನು ಕೋಳಿಯನ್ನು ದೋಣಿಯಲ್ಲಿಟ್ಟ. ಕೆಳಪೇಟೆಯವರೆಲ್ಲರ ಬಿಂದಿಗೆ, ಒರಳು, ಟ್ರಂಕು, ಹೊಲಿಗೆ ಯಂತ್ರಗಳ ನಡುವೆ ಅದಕ್ಕೆ ಹೇಗೋ ಜಾಗವಾಯಿತು. ಬೋರಮ್ಮನಿಗೆ ಜಾಗವಾಗಲಿಲ್ಲ. ಮುಂದಿನ ಸರದಿಗೆ ಬರುತ್ತೇನೆಂದು ಹೇಳಿ ಅವನು ಅರಮನೆಯ ಕಡೆಗೆ ಹುಟ್ಟು ಹಾಕಿದ. ಅಲ್ಲಿ ಮಂಗಳವಾದ್ಯ ಆಗಲೇ ಶುರುವಾಗಿತ್ತು.